ತಳ್ಳಿದ್ದಕ್ಕೆ ಬರುವ ಗಂಟಲ್ಲ

ನಮಸ್ಕಾರ, ರೇಡಿಯೋ ಕೇಳುತ್ತಿರುವ ಮಕ್ಕಳೇ. ಇವತ್ತು ಒಂದು ರೋಗದ ಉದ್ದನೆಯ ಹೆಸರು ಹೇಳಿಕೊಡುತ್ತೇನೆ. ರಾಬ್ಡೊಮಯೊಸಾರ್ಕೋಮಾ. ನಾಲಿಗೆ ಹೊರಳಲಿಲ್ವಾ? ಪರವಾಗಿಲ್ಲ, ಕಾಲೇಜಿನಲ್ಲಿ ನನಗೂ ಹೊರಳಿರಲಿಲ್ಲ.

ನಿಮ್ಮ ತೋಳು ಮಡಚಿ ನೋಡಿ. ಉಬ್ಬುತ್ತದಲ್ಲ, ಅದು ಮಾಂಸಖಂಡ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳು ಸೇರಿ ಅದಾಗುತ್ತದೆ. ಮಾಂಸಖಂಡ ಆಗಬೇಕಿದ್ದ ಎಳೆಯ ಕೋಶಗಳು ಕೆಲವೊಮ್ಮೆ ದಾರಿ ತಪ್ಪುತ್ತವೆ. ತಮ್ಮ ಕೆಲಸ ಕಲಿಯುವುದು ಬಿಟ್ಟು ಒಂದು ಎರಡಾಗಿ, ಎರಡು ನಾಲ್ಕಾಗಿ ಸುಮ್ನೆ ಹೆಚ್ಚುತ್ತಾ ಹೋಗುತ್ತವೆ. ಗಂಟು ಬೆಳೆಯುತ್ತದೆ. ಇದು ಒಂದು ಬಗೆಯ ಕ್ಯಾನ್ಸರ್. ಬಹಳ ಅಪರೂಪ. ಕ್ಯಾನ್ಸರ್ ಬಂದ 100 ಮಕ್ಕಳಲ್ಲಿ ಸುಮಾರು 3 ಮಕ್ಕಳಿಗೆ ಮಾತ್ರ ಈ ಬಗೆಯದು.

ಈಗ ಕಿವಿಗೊಟ್ಟು ಕೇಳಿ. ಇದು ಅಂಟುವುದಿಲ್ಲ. ಇದು ಯಾರ ತಪ್ಪೂ ಅಲ್ಲ.

ಒಮ್ಮೆ ಏಳು ವರ್ಷದ ಹುಡುಗಿಯೊಬ್ಬಳು ತೊಡೆಯ ಗಂಟು ತೋರಿಸಲು ಬಂದಿದ್ದಳು. ಜೊತೆಗೆ ಅವಳ ಅಣ್ಣ. ಎಲ್ಲರೂ ತಂಗಿಯನ್ನೇ ನೋಡುತ್ತಿದ್ದರು. ಅವನು ಬಾಗಿಲ ಹತ್ತಿರ ಚಪ್ಪಲಿ ಕೂಡ ಬಿಡದೆ ನಿಂತಿದ್ದ. ಮೂರು ದಿನದಿಂದ ಸರಿಯಾಗಿ ಉಂಡಿಲ್ಲ ಅಂದರು ಅವರಮ್ಮ. ನಾನು ಅವನನ್ನು ಹೊರಗೆ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿಕೊಂಡೆ. ಎಷ್ಟೋ ಹೊತ್ತು ಮಾತಿಲ್ಲ. ಆಮೇಲೆ, "ಡಾಕ್ಟರಮ್ಮ, ಕುಂಟೆಬಿಲ್ಲೆ ಆಡುವಾಗ ನಾನೇ ಅವಳನ್ನು ತಳ್ಳಿದೆ" ಅಂದ. "ಬಿದ್ದಳು. ಮಾರನೇ ದಿನವೇ ಗಂಟು ಕಂಡಿತು."

ನಾನಂದೆ: "ಗಂಟು ಮೊದಲೇ ಇತ್ತು ಕಣೋ. ಬಿದ್ದ ಜಾಗ ಉಜ್ಜಿಕೊಂಡಳು, ಕೈಗೆ ಸಿಕ್ಕಿತು. ನೀನು ತಳ್ಳಿದ್ದಕ್ಕೆ ಬೇಗ ಗೊತ್ತಾಯ್ತು."

"ಹಾಗಾದರೆ ಅವಳ ತಟ್ಟೆಯಲ್ಲಿ ನಾನು ಉಣ್ಣಬಹುದಾ?"

ಅಂಟುತ್ತದೆ ಅಂತ ಮನೆಯಲ್ಲಿ ಯಾರೋ ಹೇಳಿದ್ದರಂತೆ! ದೊಡ್ಡವರೇ, ನೀವೂ ಕೇಳುತ್ತಿದ್ದೀರಿ ಅಲ್ವಾ? ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದು ಮಕ್ಕಳ ಕಿವಿಗೆ ಬಿದ್ದೇ ಬೀಳುತ್ತದೆ. ಅರ್ಧ ಕೇಳಿಸಿಕೊಂಡು ಉಳಿದರ್ಧ ತಾವೇ ಕಟ್ಟಿಕೊಳ್ಳುತ್ತಾರೆ. ರೋಗದ ಹೆಸರು ಹೇಳಿ. ಯಾರ ತಪ್ಪೂ ಅಲ್ಲ ಅಂತ ಬಾಯಿ ಬಿಟ್ಟು ಹೇಳಿ.

ಅಯ್ಯೋ, ಸಮಯ ಆಯ್ತು ಅಂತ ಗಾಜಿನಾಚೆ ಕೈ ತೋರಿಸುತ್ತಿದ್ದಾರೆ. ಚಿಕಿತ್ಸೆ ಬೇಗ ಹೇಳಿಬಿಡುತ್ತೇನೆ. ಔಷಧಿ, ಆಪರೇಷನ್, ಕೆಲವರಿಗೆ ರೇಡಿಯೇಷನ್, ಅಂದರೆ ಗಂಟಿನ ಮೇಲೆ ಬಲವಾದ ಕಿರಣ ಬಿಡುವುದು. ತಿಂಗಳುಗಟ್ಟಲೆ ಹಿಡಿಯುತ್ತದೆ. ಕೂದಲು ಉದುರಿದರೆ ಸಾಮಾನ್ಯವಾಗಿ ಮತ್ತೆ ಬರುತ್ತದೆ. ಎಷ್ಟೋ ಮಕ್ಕಳು ಗುಣವಾಗುತ್ತಾರೆ. ವಿನ್‌ಕ್ರಿಸ್ಟಿನ್ ಅನ್ನುವ, ಈ ರೋಗಕ್ಕೆ ಕೊಡುವ ಒಂದು ಔಷಧಿ ಮೊದಲು ಸಿಕ್ಕಿದ್ದು ನಿಮ್ಮ ಅಂಗಳದ ನಿತ್ಯಪುಷ್ಪದ ಗಿಡದಲ್ಲಿ. ಹಾಗಂತ ಎಲೆ ಕಿತ್ತು ಅಗಿಯಬೇಡಿ, ವಿಷ ಅದು! ಇನ್ನೊಂದು, ಮೈಮೇಲೆ ಗಂಟು ಕಂಡರೆ ನೋವಿಲ್ಲದಿದ್ದರೂ ಅಮ್ಮನಿಗೆ ಹೇಳಿ. ಬಯ್ಯುವುದಿಲ್ಲ.

ಆ ಅಣ್ಣ ಅವತ್ತು ಕ್ಯಾಂಟೀನಿನಲ್ಲಿ ನಾಲ್ಕು ಇಡ್ಲಿ ತಿಂದ. ತಂಗಿಯ ತಟ್ಟೆಯಿಂದಲೇ. ನಮಸ್ಕಾರ.