ಕೊಲ್ಲುವ ಮೊದಲು ವಿಚಾರಿಸುವವನು: ಗೆರಾಲ್ಟ್ ಮತ್ತು ಅವನ ಅಭಿಮಾನಿಗಳು

ಸ್ನೇಹಿತರೇ,

1986ರ ಡಿಸೆಂಬರಿನಲ್ಲಿ ಪೋಲೆಂಡಿನ ‘ಫಂಟಾಸ್ಟಿಕಾ’ ಪತ್ರಿಕೆ ಒಂದು ಸಣ್ಣಕತೆಯನ್ನು ಪ್ರಕಟಿಸಿತು. ಆ ಪತ್ರಿಕೆಯದೇ ಕಥಾಸ್ಪರ್ಧೆಯಲ್ಲಿ ಅದಕ್ಕೆ ಸಿಕ್ಕಿದ್ದು ಮೂರನೆಯ ಬಹುಮಾನ. ಬರೆದವರು ವೂಚ್ ನಗರದ ಆಂಜೆಯ್ ಸಪ್ಕೋವ್ಸ್ಕಿ. ತುಪ್ಪಳದ ವಿದೇಶ ವ್ಯಾಪಾರದಲ್ಲಿ ದುಡಿಯುತ್ತಿದ್ದವರು. ಮಗ ಆ ಪತ್ರಿಕೆಯನ್ನು ಓದುತ್ತಿದ್ದ, ಅದಕ್ಕಾಗಿ ಅಪ್ಪ ಸ್ಪರ್ಧೆಗೆ ಬರೆದರು. ‘ವಿಚರ್’ ಎಂದು ಇಂದು ಜಗತ್ತು ಬಲ್ಲ ರಾಕ್ಷಸಬೇಟೆಗಾರ ಗೆರಾಲ್ಟ್ ಹುಟ್ಟಿದ್ದು ಹೀಗೆ.

ಆ ಮೊದಲ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಫೋಲ್ಟೆಸ್ಟ್ ಎಂಬ ರಾಜನಿಗೆ ಸ್ವಂತ ತಂಗಿಯಲ್ಲಿ ಹುಟ್ಟಿದ ಮಗಳು ಶಾಪದಿಂದ ಸ್ತ್ರಿಗಾ ಆಗಿದ್ದಾಳೆ. ರಾತ್ರಿ ಸಮಾಧಿಯಿಂದೆದ್ದು ಜನರನ್ನು ತಿನ್ನುವ ಈ ಪಿಶಾಚಿ ಪೋಲಿಷ್ ಜನಪದದಿಂದ ಬಂದವಳು. ಅವಳನ್ನು ಕೊಂದು ಕೈತೊಳೆದುಕೊಳ್ಳಬೇಕೆನ್ನುವವರು ಆಸ್ಥಾನದಲ್ಲೇ ಇದ್ದಾರೆ. ಬಿಳಿಗೂದಲಿನ, ಬೆಕ್ಕಿನಂಥ ಕಣ್ಣಿನ ಗೆರಾಲ್ಟ್ ಮಾತ್ರ ಶಾಪ ಬಿಡಿಸುವ ಕಷ್ಟದ ದಾರಿ ಹಿಡಿಯುತ್ತಾನೆ. ಮೂರನೆಯ ಸಲ ಕೋಳಿ ಕೂಗುವವರೆಗೆ ಅವಳು ತನ್ನ ಶವಪೆಟ್ಟಿಗೆಗೆ ಮರಳಬಾರದು. ಅದಕ್ಕಾಗಿ ಆ ಪೆಟ್ಟಿಗೆಯೊಳಗೆ ತಾನೇ ಮಲಗಿ ಮುಚ್ಚಳ ಎಳೆದುಕೊಳ್ಳುತ್ತಾನೆ. ಬೆಳಗ್ಗೆ ನೋಡಿದರೆ ನೆಲದ ಮೇಲೆ ಒಬ್ಬ ಹುಡುಗಿ ಬಿದ್ದಿದ್ದಾಳೆ. ಅವನು ಅವಳತ್ತ ಬಾಗಿದ್ದೇ ತಡ, ಅವಳ ಉಗುರು ಅವನ ಕತ್ತನ್ನು ಸೀಳುತ್ತದೆ.

ಗೆರಾಲ್ಟ್‌ನ ಮೇಲಿನ ಅಭಿಮಾನದ ಬೇರು ಆ ರಾತ್ರಿಯಲ್ಲಿದೆ ಎಂದು ನಾನು ಬಲವಾಗಿ ನಂಬಿದ್ದೇನೆ. ಕಾಸು ಪಡೆದು ರಾಕ್ಷಸರನ್ನು ಕೊಲ್ಲುವುದು ಅವನ ಕಸುಬು. ಆದರೆ ಎದುರಿಗಿರುವುದು ಏನು, ಹೀಗಾದದ್ದು ಯಾರಿಂದ ಎಂದು ವಿಚಾರಿಸದೆ ಅವನು ಕತ್ತಿ ಎತ್ತುವವನಲ್ಲ. ಈ ಸುಮಾರು ನಾಲ್ಕು ದಶಕಗಳಲ್ಲಿ ಅವನು ಕಾಮಿಕ್ಸ್ ಆದ, ಚಲನಚಿತ್ರವಾದ, ವಿಡಿಯೋ ಗೇಮ್ ಆದ, ಸರಣಿಯಾದ. ಆ ವಿಚಾರಣೆಯ ಗುಣ ಉಳಿದ ಕಡೆ ಅಭಿಮಾನಿಗಳು ಉಳಿದ ಬದಲಾವಣೆಗಳನ್ನೆಲ್ಲ ನುಂಗಿಕೊಂಡರು. ಅದು ಸಡಿಲವಾದ ಕಡೆ ಸಿಡಿದೆದ್ದರು.

ಸಪ್ಕೋವ್ಸ್ಕಿ 1994ರಿಂದ 1999ರವರೆಗೆ ಐದು ಕಾದಂಬರಿಗಳ ಮಾಲೆ ಬರೆದರು. ಅದರ ಕೊನೆ ನನ್ನನ್ನು ಇಂದಿಗೂ ಕಲಕುತ್ತದೆ. ರಿವಿಯಾ ಎಂಬ ಊರಿನಲ್ಲಿ ಮನುಷ್ಯರ ಗುಂಪು ಕುಬ್ಜರೆಂಬ ಬೇರೆ ಜನಾಂಗದವರ ಮೇಲೆ ದಂಗೆ ಏಳುತ್ತದೆ. ಅವರನ್ನು ಕಾಪಾಡಲು ನುಗ್ಗಿದ ಗೆರಾಲ್ಟ್‌ನನ್ನು ಒಬ್ಬ ಹರೆಯದ ಹುಡುಗ ಹುಲ್ಲೆತ್ತುವ ಕವೆಗೋಲಿನಿಂದ ತಿವಿಯುತ್ತಾನೆ. ಎಂತೆಂಥ ಮೃಗಗಳಿಗೂ ಬಗ್ಗದವನನ್ನು ಬೀಳಿಸಿದ್ದು ಮನುಷ್ಯರ ದ್ವೇಷ.

2001ರ ಪೋಲಿಷ್ ಚಿತ್ರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮಿಖಾವ್ ಝೆಬ್ರೋವ್ಸ್ಕಿ ಗೆರಾಲ್ಟ್‌ನಾಗಿ ನಿಷ್ಠೆಯಿಂದ ನಟಿಸಿದರೂ ಚಿತ್ರಕತೆ ಚೂರುಚೂರಾಗಿತ್ತು, ಕಳಪೆ ಡ್ರ್ಯಾಗನ್ ಓದುಗರ ಮನಸ್ಸು ಮುರಿಯಿತು.

ಗೇಮ್‌ಗಳದ್ದೇ ಬೇರೆ ಕತೆ. ಪೋಲೆಂಡಿನ ಗೇಮ್ ತಯಾರಕ ಸಂಸ್ಥೆ ಸಿಡಿ ಪ್ರೊಜೆಕ್ಟ್ ಹಕ್ಕು ಕೇಳಲು ಬಂದಾಗ ಸಪ್ಕೋವ್ಸ್ಕಿಯವರಿಗೆ ಗೇಮ್‌ಗಳಲ್ಲಿ ನಂಬಿಕೆಯಿರಲಿಲ್ಲ. ಲಾಭದಲ್ಲಿ ಪಾಲು ಬೇಡವೆಂದು ಇಡಿಗಂಟು ಪಡೆದರು. 2018ರಲ್ಲಿ ಅವರ ವಕೀಲರು 6 ಕೋಟಿ ಝ್ಲೋಟಿ (ಪೋಲೆಂಡಿನ ನಾಣ್ಯ) ಕೇಳಿದರು, 2019ರ ಡಿಸೆಂಬರಿನಲ್ಲಿ ಹೊಸ ಒಪ್ಪಂದವಾಯಿತು. ಲೇಖಕನಿಗೆ ಅವನ ಪಾಲು ಸಲ್ಲಲೇಬೇಕಿತ್ತು ಎನ್ನುವವರಲ್ಲಿ ನಾನೂ ಒಬ್ಬ. ಆದರೆ ಈ ಪಾತ್ರವನ್ನು ಖಂಡಾಂತರಕ್ಕೆ ಒಯ್ದವರು ಆ ಗೇಮ್ ತಯಾರಕರು ಎಂಬುದೂ ಅಷ್ಟೇ ಸತ್ಯ. 2011ರಲ್ಲಿ ಪೋಲೆಂಡಿನ ಪ್ರಧಾನಿ ಡೊನಾಲ್ಡ್ ಟಸ್ಕ್ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮಾ ಅವರಿಗೆ ಎರಡನೆಯ ಗೇಮ್ ಅನ್ನು ಉಡುಗೊರೆಯಾಗಿ ಕೊಟ್ಟರು. 2015ರ ಮೂರನೆಯ ಗೇಮ್‌ನ ಮಾರಾಟ 2023ರ ಹೊತ್ತಿಗೆ 5 ಕೋಟಿ ಪ್ರತಿಗಳನ್ನು ದಾಟಿತು.

ಗೇಮ್‌ನವರು ಪುಸ್ತಕವನ್ನು ಹಾಗೆಯೇ ನಕಲು ಮಾಡಲಿಲ್ಲ. ಕವೆಗೋಲಿನ ಪೆಟ್ಟು ತಿಂದವನನ್ನು ನೆನಪು ಕಳೆದುಕೊಂಡವನನ್ನಾಗಿಸಿ 2007ರ ಮೊದಲ ಗೇಮ್‌ನಲ್ಲಿ ಮತ್ತೆ ಕರೆತಂದರು. ಪುಸ್ತಕದ ಗೆರಾಲ್ಟ್ ಬೆನ್ನಿಗೆ ಒಂದೇ ಕತ್ತಿ ಕಟ್ಟಿಕೊಂಡು, ರಾಕ್ಷಸರಿಗೆಂದೇ ಇರುವ ಬೆಳ್ಳಿಯ ಕತ್ತಿಯನ್ನು ಕುದುರೆಯ ಮೇಲಿನ ಸಾಮಾನಿನಲ್ಲಿ ಇಟ್ಟಿರುತ್ತಾನೆ. ಗೇಮ್‌ನಲ್ಲಿ ಎರಡೂ ಬೆನ್ನ ಮೇಲಿವೆ. ಮೂರನೆಯ ಗೇಮ್‌ನಲ್ಲಂತೂ ದಿನ ಕಳೆದಂತೆ ಅವನ ಗಡ್ಡ ಬೆಳೆಯುತ್ತದೆ. ಇದನ್ನೆಲ್ಲ ಅಭಿಮಾನಿಗಳು ಅಕ್ಕರೆಯಿಂದಲೇ ಒಪ್ಪಿಕೊಂಡರು. ಏಕೆಂದರೆ ಅಸಲು ಗುಣ ಅಲ್ಲಿತ್ತು.

ಅದೇ ಗೇಮ್‌ನ ‘ಬ್ಲಡಿ ಬ್ಯಾರನ್’ ಪ್ರಸಂಗವನ್ನೇ ನೋಡಿ. ಕುಡುಕ ಬ್ಯಾರನ್ ಹೆಂಡತಿಯನ್ನು ಹೊಡೆದಿದ್ದಾನೆ, ಗರ್ಭ ಹೋಗಿದೆ. ಹೆಸರಿಡದೆ, ವಿಧಿಯಿಲ್ಲದೆ ಹೂತ ಆ ಶಿಶು ಪಿಶಾಚಿಯಾಗಿ ಎದ್ದು ಬಂದಿದೆ. ಆಡುವವರು ಅದನ್ನು ಕಡಿದುಹಾಕಬಹುದು. ಇಲ್ಲವೇ ಬ್ಯಾರನ್ ಅದನ್ನು ಎತ್ತಿಕೊಂಡು ಕತ್ತಲಲ್ಲಿ, ಗಾಳಿ ಮಳೆಯಲ್ಲಿ ತನ್ನ ಮನೆಯವರೆಗೂ ನಡೆಯಬೇಕು. ದಾರಿಯಲ್ಲಿ ಅದು ಕೆರಳಿದಾಗಲೆಲ್ಲ ಗೆರಾಲ್ಟ್ ಮಂತ್ರಮುದ್ರೆಯಿಂದ ಅದನ್ನು ಸಮಾಧಾನಪಡಿಸುತ್ತಾನೆ. ಕೊನೆಗೆ ಅಪ್ಪ ಮಗಳಿಗೆ ದೇಯಾ ಎಂದು ಹೆಸರಿಟ್ಟು, ಕ್ಷಮೆ ಕೇಳಿ, ಹೊಸ್ತಿಲ ಬಳಿ ಹೂಳುತ್ತಾನೆ. ಅಲ್ಲಿಂದಾಚೆ ಅದು ಮನೆ ಕಾಯುವ ಚೇತನ. ಸಪ್ಕೋವ್ಸ್ಕಿ ಈ ಪ್ರಸಂಗದ ಒಂದು ಸಾಲನ್ನೂ ಬರೆದವರಲ್ಲ. ಆದರೂ ಇದು ಸ್ತ್ರಿಗಾಳ ಕತೆಯ ಒಡಹುಟ್ಟು. ಆ ಬ್ಯಾರನ್‌ನನ್ನು ಕ್ಷಮಿಸಬೇಕೇ ಬೇಡವೇ ಎಂದು ಆಡಿದವರು ವರ್ಷಗಟ್ಟಲೆ ವಾದಿಸಿದ್ದಾರೆ. ಅಂಥ ವಾದ ಹುಟ್ಟಿಸುವ ಕೃತಿ ಯಾವ ಮಾಧ್ಯಮದಲ್ಲಿದ್ದರೂ ನನಗೆ ಅದು ಸಾಹಿತ್ಯವೇ.

2019ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್ ಸರಣಿ ಬಂತು. ಅದರಲ್ಲಿ ಗೆರಾಲ್ಟ್‌ನಾದ ಹೆನ್ರಿ ಕ್ಯಾವಿಲ್ ಸ್ವತಃ ಆ ಗೇಮ್ ಆಡಿದವರು, ಪುಸ್ತಕ ಓದಿದವರು. ಅಭಿಮಾನಿಗಳು ಅವರಲ್ಲಿ ತಮ್ಮವನೊಬ್ಬನನ್ನು ಕಂಡರು. ಎರಡನೆಯ ಸೀಸನ್‌ನಲ್ಲಿ, ಪುಸ್ತಕದಲ್ಲಿ ಬದುಕಿರುವ ಎಸ್ಕೆಲ್ ಎಂಬ ಜೊತೆಗಾರ ಮರದ ಭೂತವಾಗಿ ಮಾರ್ಪಟ್ಟು ಸತ್ತಾಗ ಆಕ್ರೋಶ ಎದ್ದಿತು. ಅದನ್ನು ಹಠಮಾರಿತನವೆಂದು ತಳ್ಳಿಹಾಕಿದವರ ಮಾತನ್ನು ನಾನು ಒಪ್ಪುವುದಿಲ್ಲ. ಗೆರಾಲ್ಟ್‌ನ ಬಾಲ್ಯದ ಸಂಗಾತಿಯನ್ನು ಒಂದೇ ಕಂತಿನಲ್ಲಿ ತಂದು, ಒರಟನೆಂದು ತೋರಿಸಿ, ಅಲ್ಲೇ ಮುಗಿಸಿಬಿಟ್ಟರು. ಅವನನ್ನು ಉಳಿಸಿಕೊಳ್ಳುವ ದಾರಿಯನ್ನು ನೆಮ್ಮದಿಯಾಗಿ ಹುಡುಕುವಷ್ಟು ಹೊತ್ತನ್ನು ಕತೆ ಗೆರಾಲ್ಟ್‌ಗೆ ಕೊಡಲೇ ಇಲ್ಲ. 2022ರಲ್ಲಿ ಕ್ಯಾವಿಲ್ ನಿರ್ಗಮನ ಪ್ರಕಟವಾದಾಗ ಅವರನ್ನೇ ಉಳಿಸಿಕೊಳ್ಳಿ ಎಂಬ ಮನವಿಗೆ ಲಕ್ಷಕ್ಕೂ ಮಿಕ್ಕಿ ಸಹಿ ಬಿದ್ದವು. 2025ರಲ್ಲಿ ಲಿಯಾಮ್ ಹೆಮ್ಸ್‌ವರ್ತ್ ಆ ಬಿಳಿಗೂದಲು ಧರಿಸಿದರು. ಹೊಸ ನಟನ ಮೇಲೆ ಸಿಟ್ಟು ತೀರಿಸಿಕೊಳ್ಳುವುದು ಮಾತ್ರ ನ್ಯಾಯವಲ್ಲ.

ಅಭಿಮಾನಿಗಳು ಬರೀ ದೂರು ಹೇಳಿ ಸುಮ್ಮನಾದವರಲ್ಲ. ಸರಣಿ ಬಂದ ಅದೇ ತಿಂಗಳು, ಪೋಲೆಂಡಿನ ಅಭಿಮಾನಿಗಳು ಜನರಿಂದ ಹಣ ಕೂಡಿಸಿ ತಯಾರಿಸಿದ ಚಿತ್ರವೊಂದು ಯೂಟ್ಯೂಬಿನಲ್ಲಿ ಉಚಿತವಾಗಿ ಬಂತು. 2001ರ ಚಿತ್ರದಲ್ಲಿ ಯಾಸ್ಕಿಯರ್ ಎಂಬ ಹಾಡುಗಾರ ಕವಿಯಾಗಿದ್ದ ಝ್ಬಿಗ್ನೆವ್ ಝಮಖೋವ್ಸ್ಕಿ ಅದರಲ್ಲಿ ಅದೇ ಪಾತ್ರಕ್ಕೆ ಮರಳಿದರು. ಜನ ಮುಖ ತಿರುಗಿಸಿದ್ದ ಚಿತ್ರದಲ್ಲೂ ಒಳ್ಳೆಯದಾಗಿದ್ದ ಒಬ್ಬ ನಟನನ್ನು ಅಭಿಮಾನಿಗಳು ಮರೆತಿರಲಿಲ್ಲ. ಈ ಕೃತಜ್ಞತೆ ನನಗೆ ತುಂಬ ದೊಡ್ಡದೆನಿಸುತ್ತದೆ.

ಈಗ ನಾಲ್ಕನೆಯ ಗೇಮ್ ತಯಾರಾಗುತ್ತಿದೆ. 2024ರ ಡಿಸೆಂಬರಿನಲ್ಲಿ ಅದರ ಮೊದಲ ದೃಶ್ಯಗಳು ಹೊರಬಂದಾಗ ನಾಯಕಿಯಾಗಿ ಕಂಡವಳು ಗೆರಾಲ್ಟ್‌ನ ಸಾಕುಮಗಳು ಸಿರಿ. ಗೆರಾಲ್ಟ್‌ನನ್ನು ಬದಿಗೆ ಸರಿಸಿದರೆಂದು ಕೆಲವರಿಗೆ ಮುನಿಸಿದೆ. ಅವರಿಗೆ ನನ್ನ ವಿನಂತಿ ಒಂದೇ: ಕಾದಂಬರಿಗಳ ಕೊನೆಯ ಎರಡು ಸಂಪುಟಗಳನ್ನು ಓದಿ. ಅಲ್ಲಿ ಕತೆ ಬಹುಪಾಲು ಸಿರಿಯ ಜೊತೆಗೇ ಸಾಗುತ್ತದೆ, ಗೆರಾಲ್ಟ್ ಅವಳನ್ನು ಹುಡುಕುತ್ತಾ ನಡೆಯುತ್ತಿರುತ್ತಾನೆ.