ಮಾರ್ಗ ಕಂಡರೆ ಮನಸ್ಸು

ನಮಸ್ಕಾರ. ‘ಮನಸ್ಸಿದ್ದರೆ ಮಾರ್ಗ’ ಅನ್ನುವ ಗಾದೆಯನ್ನು ನಿಮಗೆ ಯಾರು, ಯಾವಾಗ ಹೇಳಿದ್ದರು? ಒಂದು ಕ್ಷಣ ನೆನಪು ಮಾಡಿಕೊಳ್ಳಿ. ನನಗಂತೂ ಹೇಳಿದ್ದೆಲ್ಲ ನಾನು ಏನನ್ನೋ ಅರ್ಧಕ್ಕೆ ಕೈಬಿಟ್ಟಾಗಲೇ. ಹಾಗಾಗಿ ನನ್ನ ಕಿವಿಗೆ ಅದು ಬುದ್ಧಿಮಾತಿನ ಥರ ಕೇಳಿಸಿದ್ದೇ ಇಲ್ಲ, ಬೈಗುಳದ ಥರವೇ ಕೇಳಿಸಿದೆ. ನಿನಗೆ ದಾರಿ ಸಿಗಲಿಲ್ಲವಾ, ಹಾಗಾದರೆ ನಿನಗೆ ಮನಸ್ಸೇ ಇರಲಿಲ್ಲ ಬಿಡು ಅಂತ.

ಈ ಗಾದೆಯ ಜೊತೆ ನನಗೆ ಇವತ್ತು ಸ್ವಲ್ಪ ಜಗಳ ಇದೆ. ನನ್ನ ಪ್ರಕಾರ ಅದು ತಲೆಕೆಳಗಾಗಿದೆ. ಮಾರ್ಗ ಒಂಚೂರಾದರೂ ಕಂಡ ಮೇಲೆಯೇ ಮನಸ್ಸು ಬರುವುದು.

ಛಲ ಅಂದರೆ ಟ್ಯಾಂಕಿನಲ್ಲಿರುವ ಪೆಟ್ರೋಲ್, ಬಳಸಿದಷ್ಟೂ ಕಡಿಮೆಯಾಗುತ್ತದೆ ಅನ್ನುವ ಮಾತು ಕೇಳಿರುತ್ತೀರಿ. ಆ ಮಾತಿಗೆ ಬಲ ಕೊಟ್ಟಿದ್ದು 1998ರಲ್ಲಿ ಮನೋವಿಜ್ಞಾನಿ ರಾಯ್ ಬಾಮೈಸ್ಟರ್ ಮತ್ತು ಜೊತೆಗಾರರು ಪ್ರಕಟಿಸಿದ ಒಂದು ಪ್ರಯೋಗ. ಚಾಕೊಲೇಟ್ ಬಿಸ್ಕತ್ತು ಎದುರಿಗಿಟ್ಟು, ಕೆಲವರಿಗೆ ಬಿಸ್ಕತ್ತು ತಿನ್ನಿ ಅಂದರು, ಇನ್ನು ಕೆಲವರಿಗೆ ನೀವು ಮಾತ್ರ ಮೂಲಂಗಿ ತಿನ್ನಿ ಅಂದರು. ಆಮೇಲೆ ಬಿಡಿಸಲಾಗದ ಒಂದು ಒಗಟು ಕೊಟ್ಟರು. ಮೂಲಂಗಿಯವರು ಬೇಗ ಕೈಚೆಲ್ಲಿದರು, ಆಸೆ ತಡೆದುಕೊಳ್ಳೋದರಲ್ಲೇ ಅವರ ಛಲ ಖರ್ಚಾಗಿತ್ತು ಅನ್ನುವುದು ವಾದ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ 2016ರಲ್ಲಿ 23 ಪ್ರಯೋಗಾಲಯಗಳು ಸೇರಿ, ಎರಡು ಸಾವಿರಕ್ಕೂ ಜಾಸ್ತಿ ಜನರ ಮೇಲೆ ಅದೇ ಸಿದ್ಧಾಂತವನ್ನು ಬೇರೊಂದು ಕೆಲಸ ಕೊಟ್ಟು ಪರೀಕ್ಷಿಸಿದಾಗ ಪರಿಣಾಮ ಹೆಚ್ಚುಕಮ್ಮಿ ಸೊನ್ನೆ. ಪೆಟ್ರೋಲ್ ಕಥೆಯನ್ನು ನಾನು ಅವತ್ತೇ ಬಿಟ್ಟೆ.

ನನಗೆ ಹೆಚ್ಚು ಹಿಡಿಸಿದ್ದು ಇಲಿಗಳ ಕಥೆ. 1990ರ ದಶಕದಲ್ಲಿ ವಿಜ್ಞಾನಿ ಜಾನ್ ಸಲಾಮೋನೆ ಮತ್ತು ಜೊತೆಗಾರರು ಇಲಿಗಳಿಗೆ ಎರಡು ದಾರಿ ಇಟ್ಟರು. ಒಂದರಲ್ಲಿ ಸ್ವಲ್ಪ ತಿಂಡಿ, ಸುಮ್ನೆ ಹೋಗಿ ತಿನ್ನಬಹುದು. ಇನ್ನೊಂದರಲ್ಲಿ ಜಾಸ್ತಿ ತಿಂಡಿ, ಆದರೆ ಅಡ್ಡಗೋಡೆ ಹತ್ತಬೇಕು. ಸಾಮಾನ್ಯವಾಗಿ ಇಲಿಗಳು ಹತ್ತುತ್ತವೆ. ಮಿದುಳಿನಲ್ಲಿ ಡೋಪಮಿನ್ ಅನ್ನುವ ರಾಸಾಯನಿಕ ಕಡಿಮೆ ಮಾಡಿದರೆ ಹತ್ತದೆ, ಸುಲಭದ ತಿಂಡಿಗೆ ಹೋಗುತ್ತವೆ. ಗೋಡೆ ತೆಗೆದು ನೋಡಿ, ಅದೇ ಇಲಿ ಮತ್ತೆ ಜಾಸ್ತಿ ತಿಂಡಿಯ ಕಡೆಗೇ ಓಡುತ್ತದೆ. ಅಂದರೆ ಆಸೆ ಹೋಗಿಲ್ಲ. ಇಷ್ಟು ಕಷ್ಟಪಟ್ಟರೆ ಗಿಟ್ಟುತ್ತಾ ಅನ್ನುವ ಲೆಕ್ಕ ಮಾತ್ರ ಬದಲಾಗಿದೆ. ಡೋಪಮಿನ್ ಅಂದರೆ ಖುಷಿಯ ರಸ ಅಂತ ಎಲ್ಲರೂ ಹೇಳಿಕೊಂಡು ತಿರುಗುತ್ತಾರಲ್ಲ, ಅವರಿಗೆ ಈ ಇಲಿಯನ್ನು ತೋರಿಸಬೇಕು.

ಹಾಗಾದರೆ ಮನುಷ್ಯರಲ್ಲಿ ಈ ಲೆಕ್ಕ ಎಲ್ಲಿಂದ ಬರುತ್ತದೆ? ಸ್ವಲ್ಪ ಹುಟ್ಟಿನಿಂದಲೇ ಬರುತ್ತದೆ, ಅವಳಿಗಳ ಅಧ್ಯಯನಗಳು ಹಾಗೆ ಹೇಳುತ್ತವೆ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಅಲ್ಲಿಗೇ ನಿಲ್ಲಿಸಬೇಡಿ.

ಮಾರ್ಷ್‌ಮ್ಯಾಲೋ ಪರೀಕ್ಷೆ ಗೊತ್ತಲ್ಲ? ಮಗುವಿನ ಮುಂದೆ ಒಂದು ಮಿಠಾಯಿ, ಕಾದರೆ ಎರಡು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮನೋವಿಜ್ಞಾನಿ ಸೆಲೆಸ್ಟ್ ಕಿಡ್ ಮತ್ತು ಜೊತೆಗಾರರು ಇದಕ್ಕೆ ಮುಂಚೆ ಒಂದು ಸಣ್ಣ ಕೆಲಸ ಮಾಡಿದರು. 28 ಮಕ್ಕಳು. ಎಲ್ಲರಿಗೂ ಹಳೆಯ ಕ್ರೇಯಾನ್ ಕೊಟ್ಟು, ‘ಕಾಯಿರಿ, ಇನ್ನೂ ಚೆನ್ನಾಗಿರುವ ಬಣ್ಣ ತರುತ್ತೇನೆ’ ಅಂದರು. ಅರ್ಧ ಮಕ್ಕಳಿಗೆ ನಿಜವಾಗಿಯೂ ತಂದರು. ಉಳಿದವರ ಹತ್ತಿರ ಬರಿಗೈಲಿ ಬಂದು, ‘ಕ್ಷಮಿಸು ಪುಟ್ಟ, ಇಲ್ಲ’ ಅಂದರು. ಸ್ಟಿಕ್ಕರ್ ವಿಷಯದಲ್ಲೂ ಹಾಗೇ ಮಾಡಿದರು. ಆಮೇಲೆ ಮಿಠಾಯಿ ಇಟ್ಟರು. ಮಾತು ಉಳಿಸಿಕೊಂಡ ಕಡೆ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದ ಕಡೆ ಬರೀ 3 ನಿಮಿಷ.

ಮೂರು ನಿಮಿಷಕ್ಕೆ ತಿಂದ ಮಗುವಿಗೆ ಮನಸ್ಸು ಗಟ್ಟಿ ಇಲ್ಲ ಅನ್ನೋಣವಾ? ನಾನಾಗಿದ್ದರೂ ತಿನ್ನುತ್ತಿದ್ದೆ. ಎರಡು ಸಲ ಮಾತು ತಪ್ಪಿದವರು ಮೂರನೇ ಸಲ ತರುತ್ತಾರೆ ಅಂತ ಯಾಕೆ ನಂಬಬೇಕು? ಅದು ಸರಿಯಾಗಿಯೇ ಲೆಕ್ಕ ಹಾಕಿದೆ. ಪ್ರಯೋಗ ಚಿಕ್ಕದು, ಒಪ್ಪಿದೆ. ಆದರೆ ‘ಆ ಹುಡುಗನಿಗೆ ಛಲವೇ ಇಲ್ಲ’ ಅಂತ ಯಾರಾದರೂ ಹೇಳಿದಾಗಲೆಲ್ಲ ನನಗೆ ಈ ಹದಿನಾಲ್ಕು ಮಕ್ಕಳು ನೆನಪಾಗುತ್ತಾರೆ. ಅವನಿಗೆ ಎಷ್ಟು ಜನ ಬಣ್ಣ ತರುತ್ತೇನೆ ಅಂದು ಬರಿಗೈಲಿ ಬಂದಿದ್ದಾರೋ.

ನನ್ನದೇ ಹೇಳುತ್ತೇನೆ. ನಾನು ಈಜು ಕಲಿತಿದ್ದು ಮೂವತ್ತು ದಾಟಿದ ಮೇಲೆ. ಮೊದಲ ಎರಡು ವಾರ ಅಲಾರಂ ಹೊಡೆದರೆ ಹೊಟ್ಟೆಯಲ್ಲಿ ಸಂಕಟ. ನೀರು ಕುಡಿಯುವುದು, ಕೆಮ್ಮುವುದು, ಗೋಡೆ ಹಿಡಿದು ನಿಲ್ಲುವುದು, ಇಷ್ಟೇ. ದುಡ್ಡು ಕಟ್ಟಿಬಿಟ್ಟಿದ್ದೆ, ಅದಕ್ಕೇ ಹೋಗುತ್ತಿದ್ದೆ. ಆಮೇಲೊಂದು ದಿನ ಕಾಲು ನೆಲದಿಂದ ಎದ್ದಿತು, ನಾನು ಮುಳುಗಲಿಲ್ಲ. ಮೂರೋ ನಾಲ್ಕೋ ಸೆಕೆಂಡು ತೇಲಿದೆ. ಮರುದಿನ ಅಲಾರಮ್ಮಿಗಿಂತ ಮುಂಚೆಯೇ ಎಚ್ಚರ! ರಾತ್ರೋರಾತ್ರಿ ನನ್ನ ಗುಣ ಬದಲಾಯಿತಾ? ಮೂರು ಸೆಕೆಂಡಿನ ಸಾಕ್ಷಿ ಸಿಕ್ಕಿತ್ತು, ಅಷ್ಟೇ.

ಅದಕ್ಕೇ ‘ನಿಮ್ಮ ಪ್ಯಾಶನ್ ಹುಡುಕಿಕೊಳ್ಳಿ’ ಅನ್ನುವವರನ್ನು ಕಂಡರೆ ನನಗೆ ಕಿರಿಕಿರಿ. ಎಲ್ಲಿ ಹುಡುಕೋದು? ಈಜುವ ಹುಚ್ಚು ನನ್ನೊಳಗೆ ಎಲ್ಲೂ ಅಡಗಿ ಕೂತಿರಲಿಲ್ಲ. ಇದ್ದಿದ್ದು ಭಯ ಮಾತ್ರ.

ಈಗ ಗೆಳೆಯರು, ‘ನಿನಗೆ ಭಾರೀ ವಿಲ್‌ಪವರ್ ಕಣೋ, ಚಳಿಯಲ್ಲೂ ಏಳ್ತೀಯ’ ಅನ್ನುತ್ತಾರೆ. ಮೂರು ಸಲ ಶುರು ಮಾಡಿ, ಮೂರು ಸಲವೂ ಮೊದಲ ಪಾಠದಲ್ಲೇ ನಿಲ್ಲಿಸಿದ ಕೀಬೋರ್ಡ್ ನಮ್ಮ ಮಂಚದ ಕೆಳಗೆ ಧೂಳು ತಿನ್ನುತ್ತಿದೆ. ಅದನ್ನು ಅವರು ನೋಡಿಲ್ಲ.