ಹೆಂಪ್ ಬೆಳೆಯಲ್ಲಿ ಕೊಯ್ಲಿನ ಹದ ಮತ್ತು ಎಲೆರೋಗಗಳ ನಿರ್ವಹಣೆ

ಮಾನ್ಯರೇ,

ನಾರಿಗಾಗಿ ಮತ್ತು ಬೀಜಕ್ಕಾಗಿ ಬಯಲಿನಲ್ಲಿ ಬೆಳೆಯುವ ಹೆಂಪ್ ಕುರಿತು ಮಾತನಾಡುವ ಮೊದಲು ಹೆಸರಿನ ಗೊಂದಲವೊಂದನ್ನು ಬಿಡಿಸಬೇಕು. ಕನ್ನಡದಲ್ಲಿ ಸೆಣಬು ಎಂದರೆ ಸಾಮಾನ್ಯವಾಗಿ ಬೇರೆಯೇ ನಾರಿನ ಗಿಡಗಳು ನೆನಪಾಗುತ್ತವೆ. ನಾನು ಹೇಳುತ್ತಿರುವುದು 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಕ್ಯಾನಬಿಸ್ ಸಟೈವಾ ಎಂದು ಹೆಸರಿಟ್ಟ, ಭಂಗಿಯ ಜಾತಿಗೇ ಸೇರಿದ ಗಿಡದ ವಿಷಯ. ಅದರಲ್ಲಿ ಅಮಲು ತರುವ ಅಂಶ ತೀರಾ ಕಡಿಮೆ ಇರುವ ತಳಿಗಳನ್ನು ಮಾತ್ರ ಹೆಂಪ್ ಎಂದು ಕರೆಯುತ್ತಾರೆ. ಅನೇಕ ದೇಶಗಳ ಕಾನೂನು ಆ ಅಂಶಕ್ಕೆ ಶೇ. 0.3ರ ಮಿತಿ ಹಾಕಿದೆ, ಬೆಳೆಯಲು ಪರವಾನಗಿಯನ್ನೂ ಕೇಳುತ್ತದೆ.

ಈ ಬೆಳೆಯಲ್ಲಿ ಎಲೆಯ ಬಣ್ಣವನ್ನು ನೋಡಿ ಕೊಯ್ಲಿಗೆ ಮುಹೂರ್ತ ಇಡುವವರನ್ನೂ, ತುದಿಯ ಹಸಿರನ್ನು ನೋಡಿ ಬೆಳೆ ಆರೋಗ್ಯವಾಗಿದೆ ಎಂದು ನೆಮ್ಮದಿಪಡುವವರನ್ನೂ ನಾನು ಮತ್ತೆ ಮತ್ತೆ ಕಾಣುತ್ತೇನೆ. ನನ್ನ ಅಭಿಪ್ರಾಯದಲ್ಲಿ ಇದು ತಲೆಕೆಳಗಾದ ಕ್ರಮ. ಹದವನ್ನು ತಿಳಿಯಲು ತೆನೆಯನ್ನು ನೋಡಬೇಕು, ರೋಗವನ್ನು ಹಿಡಿಯಲು ಬುಡದ ಎಲೆಗಳನ್ನು ಮಗುಚಿ ನೋಡಬೇಕು. ಎಲೆ ಹಳದಿಯಾಗಲು ಕಾರಣಗಳು ಹಲವು. ಬೀಜ ಕಟ್ಟುವ ಹೊತ್ತಿಗೆ ಗಿಡವು ಹಳೆಯ ಎಲೆಗಳ ಸಾರಜನಕವನ್ನು ಮೇಲಕ್ಕೆಳೆದುಕೊಳ್ಳುತ್ತದೆ. ಒತ್ತಾಗಿ ಬಿತ್ತಿದ ಹೊಲದಲ್ಲಿ ನೆರಳಿಗೆ ಸಿಕ್ಕ ಎಲೆ ತಾನಾಗಿಯೇ ಬಾಡುತ್ತದೆ. ರೋಗವೂ ಇದೇ ಬಣ್ಣ ತೋರಿಸುತ್ತದೆ. ಹಾಗಾಗಿ ಹಳದಿಯೊಂದರಿಂದಲೇ ಏನನ್ನೂ ತೀರ್ಮಾನಿಸಲಾಗದು.

ಹೆಂಪ್‌ನಲ್ಲಿ ಸಾಮಾನ್ಯವಾಗಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಂಡು ಗಿಡ ಮೊದಲು ಹೂಬಿಟ್ಟು, ಪರಾಗ ಉದುರಿಸಿ, ಒಣಗಿ ಸಾಯುತ್ತದೆ. ಹೊಸದಾಗಿ ಬೆಳೆಯುವವರು ಇದನ್ನು ಸೊರಗು ರೋಗವೆಂದು ಭಾವಿಸಿ ಔಷಧಿ ಹುಡುಕುವುದುಂಟು. ವಾಸ್ತವವಾಗಿ ನಾರಿನ ಬೆಳೆಗಾರನಿಗೆ ಅದೇ ಗಡಿಯಾರ: ಗಂಡು ಹೂಗಳಿಂದ ಪರಾಗ ಉದುರಲು ಆರಂಭವಾದಾಗ ಕಾಂಡದ ನಾರು ನಯವಾಗಿಯೂ ಗಟ್ಟಿಯಾಗಿಯೂ ಇರುತ್ತದೆ. ಅಲ್ಲಿಂದ ಬೀಜ ಬಲಿಯುವವರೆಗೆ ಕಾದರೆ ಕಾಂಡವನ್ನು ಕಟ್ಟಿಗೆಯಂತೆ ಬಿರುಸಾಗಿಸುವ ಲಿಗ್ನಿನ್ ಹೆಚ್ಚಿ ನಾರು ಒರಟಾಗುತ್ತದೆ. ನಯವಾದ ನಾರು ಮತ್ತು ಪೂರ್ಣ ಬಲಿತ ಬೀಜ ಎರಡೂ ಒಂದೇ ಹೊಲದಿಂದ ಬೇಕೆನ್ನುವವರು ಒಂದನ್ನು ಬಿಟ್ಟುಕೊಡಲು ಸಿದ್ಧರಿರಬೇಕು.

ಬೀಜದ ಹದ ಇನ್ನೂ ಸೂಕ್ಷ್ಮ, ಏಕೆಂದರೆ ಒಂದೇ ತೆನೆಯಲ್ಲಿ ಕೆಳಗಿನ ಬೀಜ ಬಲಿತು ಉದುರುವ ಹೊತ್ತಿಗೆ ತುದಿಯಲ್ಲಿ ಇನ್ನೂ ಹಾಲುಗಾಳು ಇರುತ್ತದೆ. ಬಲಿತ ಬೀಜವನ್ನು ಸುತ್ತಿದ ಸಿಪ್ಪೆಯೆಲೆ ಒಣಗಿ ಬಾಯಿಬಿಡುತ್ತದೆ. ಬೀಜ ಬೂದು ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತದೆ. ಉಗುರಿನಿಂದ ಒತ್ತಿದರೆ ಜಜ್ಜಿಹೋಗುವುದಿಲ್ಲ. ಹೊಲದ ಅಂಚಿನ ಗಿಡಗಳನ್ನಷ್ಟೇ ನೋಡದೆ ಒಳಗೆ ನಡೆದು, ಹಲವು ಕಡೆ ತೆನೆಗಳನ್ನು ಅಂಗೈಯಲ್ಲಿ ಉಜ್ಜಿ ಎಣಿಸಿದಾಗ ನೂರಕ್ಕೆ ಸುಮಾರು ಎಪ್ಪತ್ತು ಬೀಜಗಳು ಬಲಿತಿದ್ದರೆ ಕೊಯ್ಯುವುದು ರೂಢಿ. ಉಳಿದ ಮೂವತ್ತಕ್ಕಾಗಿ ಕಾಯುವವರು ಅಷ್ಟನ್ನೋ ಅದಕ್ಕಿಂತ ಹೆಚ್ಚನ್ನೋ ಹಕ್ಕಿಗಳಿಗೂ ನೆಲಕ್ಕೂ ಒಪ್ಪಿಸುತ್ತಾರೆ. ಈ ಹದದಲ್ಲಿ ಬೀಜದ ತೇವಾಂಶ ಇನ್ನೂ ಶೇ. 20ಕ್ಕಿಂತ ಹೆಚ್ಚೇ ಇರುವುದರಿಂದ ರಾಶಿ ಹಾಕಿಟ್ಟರೆ ಕೆಲವೇ ಗಂಟೆಗಳಲ್ಲಿ ಕಾವೇರುತ್ತದೆ. ಅದೇ ದಿನ ಗಾಳಿಯಾಡಿಸಿ ಒಣಗಿಸಲು ತೊಡಗಿ, ತೇವಾಂಶವನ್ನು ಶೇ. 9ರ ಆಸುಪಾಸಿಗೆ ಇಳಿಸಿ ದಾಸ್ತಾನು ಮಾಡಬೇಕು.

ಇನ್ನು ರೋಗಗಳು. ಸೆಪ್ಟೋರಿಯಾ ಎಂಬ ಶಿಲೀಂಧ್ರದ ಎಲೆಚುಕ್ಕೆ ರೋಗ ಬುಡದ ಎಲೆಗಳಲ್ಲೇ ಮೊದಲು ಕಾಣುತ್ತದೆ. ಸಾರಜನಕದ ಕೊರತೆಯಲ್ಲಿ ಎಲೆ ಸಮನಾಗಿ ಬಣ್ಣಗೆಡುತ್ತದೆ. ಈ ರೋಗದಲ್ಲಿ ಅಂಚು ಕಟ್ಟಿದ ಹಳದಿ-ಕಂದು ಚುಕ್ಕೆಗಳಿದ್ದು, ಭೂತಗನ್ನಡಿ ಹಿಡಿದರೆ ಅವುಗಳ ನಡುವೆ ಸಾಸಿವೆಗಿಂತಲೂ ಸಣ್ಣ ಕಪ್ಪು ಕಣಗಳು ಕಾಣುತ್ತವೆ. ಶಿಲೀಂಧ್ರದ ಬೀಜಕಣಗಳು ಅಲ್ಲಿಂದ ಮಳೆಹನಿಯ ಸಿಡಿತದಲ್ಲಿ ಮೇಲಿನ ಎಲೆಗೆ ಏರುತ್ತವೆ. ಶಿಲೀಂಧ್ರವು ಹೊಲದಲ್ಲುಳಿದ ಕಸದಲ್ಲಿ ಮುಂದಿನ ಹಂಗಾಮಿನವರೆಗೆ ಬದುಕಿರುವುದರಿಂದ ಕಸ ತೆಗೆಯುವುದು ಮತ್ತು ಏಕದಳ ಧಾನ್ಯಗಳೊಂದಿಗೆ ಬೆಳೆ ಸರದಿ ಮಾಡುವುದು ಯಾವ ಸಿಂಪಡಣೆಗಿಂತಲೂ ಹೆಚ್ಚು ಫಲ ಕೊಡುತ್ತದೆ.

ಬೂದಿ ರೋಗದ ಸ್ವಭಾವ ಬೇರೆ. ಎಲೆಯ ಮೇಲೆ ಹಿಟ್ಟು ಉದುರಿಸಿದಂತೆ ಕಾಣುವ ಈ ರೋಗ ಹರಡಲು ಎಲೆ ಒದ್ದೆಯಾಗಬೇಕಿಲ್ಲ. ಗಾಳಿಯಲ್ಲಿ ತೇವವಿದ್ದು, ನೆರಳು ಮತ್ತು ಹಿತವಾದ ಉಷ್ಣತೆ ಇದ್ದರೆ ಸಾಕು. ಹಾಗಾಗಿ ಮಳೆ ಬರಲಿಲ್ಲವೆಂದು ಮೈಮರೆಯುವಂತಿಲ್ಲ. ಆರಂಭದಲ್ಲಿ ನೀರಿನಲ್ಲಿ ಬೆರೆಯುವ ಗಂಧಕ ಕೆಲಸ ಮಾಡುತ್ತದೆ, ಆದರೆ ಸುಡುಬಿಸಿಲಿನಲ್ಲಿ ಅಥವಾ ಎಣ್ಣೆ ಸಿಂಪಡಿಸಿದ ಬೆನ್ನಲ್ಲೇ ಬಳಸಿದರೆ ಎಲೆ ಸುಟ್ಟುಹೋಗುತ್ತದೆ. ಹೂವು ಬಂದ ಮೇಲೆ ಸಿಂಪಡಿಸುವುದನ್ನು ನಾನು ಒಪ್ಪುವುದಿಲ್ಲ. ಆ ಬೀಜ ನಾಳೆ ಯಾರದೋ ಊಟಕ್ಕೆ ಹೋಗುವಂಥದ್ದು.

ತಂಪು ಹಾಗೂ ತೇವದ ದಿನಗಳಲ್ಲಿ ಒತ್ತಾದ ತೆನೆಯ ಒಳಗಿಂದಲೇ ಕೊಳೆಸುತ್ತಾ ಬರುವ ಬೋಟ್ರೈಟಿಸ್ ಎಂಬ ಬೂದು ಬೂಷ್ಟಿನ ಮುಂದೆ ಮಾತ್ರ ಕೊಯ್ಲಿನ ಹದ ಮತ್ತು ರೋಗ ಎಂಬ ಎರಡು ವಿಷಯಗಳೂ ಒಂದಾಗುತ್ತವೆ. ಹೊರಗೆ ಹಸಿರಾಗಿರುವ ತೆನೆಯಲ್ಲಿ ಒಂದೆರಡು ಎಲೆ ಮಾತ್ರ ಸುಮ್ಮನೆ ಬಾಡಿದ್ದರೆ ತೆನೆಯನ್ನು ಬಿಡಿಸಿ ನೋಡಬೇಕು. ಆ ಹಂತದಲ್ಲಿ ಮದ್ದಿಲ್ಲ. ಮಳೆಯ ಮುನ್ಸೂಚನೆಯೂ ಇದ್ದರೆ, ಎಪ್ಪತ್ತರ ಲೆಕ್ಕ ತುಂಬದಿದ್ದರೂ ಕೊಯ್ದು, ಬೂಷ್ಟು ಹಿಡಿದ ತೆನೆಗಳನ್ನು ಬೇರೆ ಮಾಡುವುದೇ ಸರಿ; ಜೊಳ್ಳಿನ ನಷ್ಟವನ್ನು ತಡೆದುಕೊಳ್ಳಬಹುದು, ಬೂಷ್ಟು ಹಿಡಿದ ಬೀಜವನ್ನು ಮಾರಲಾಗದು.

ವಿಚಿತ್ರವೆಂದರೆ, ಹೊಲದಲ್ಲಿ ಹಗೆಯೆನಿಸಿದ ಶಿಲೀಂಧ್ರವರ್ಗವೇ ನಾರಿನ ಕೊಯ್ಲಿನ ನಂತರ ಕೂಲಿಯಾಳಾಗುತ್ತದೆ. ಕೊಯ್ದ ಕಾಂಡಗಳನ್ನು ನೆಲದ ಮೇಲೆ ಹರಡಿ ಇಬ್ಬನಿಗೆ ಬಿಟ್ಟಾಗ, ನಾರನ್ನು ಒಳಗಿನ ದಂಟಿಗೆ ಅಂಟಿಸಿದ ಪೆಕ್ಟಿನ್‌ ಅನ್ನು ಶಿಲೀಂಧ್ರಗಳೂ ಬ್ಯಾಕ್ಟೀರಿಯಾಗಳೂ ಕೆಲವು ವಾರಗಳಲ್ಲಿ ಕರಗಿಸುತ್ತವೆ. ನಡುನಡುವೆ ಕಾಂಡಗಳನ್ನು ಮಗುಚಿ ಹಾಕಿ, ದಿನವೂ ಒಂದನ್ನು ಮುರಿದು ನೋಡಬೇಕು. ನಾರು ಸಲೀಸಾಗಿ ಬಿಟ್ಟುಬಂದ ದಿನವೇ ಒಣಗಿಸಿ ಕಟ್ಟು ಕಟ್ಟದಿದ್ದರೆ, ಅದೇ ಶಿಲೀಂಧ್ರ ನಾರನ್ನೂ ತಿನ್ನಲು ತೊಡಗುತ್ತದೆ.